ಮುಂದೊಗಲಿನ ಆಪರೇಷನ್ನೂ ನಾನು ಕೇಳಿದ ಒಂದು ಪ್ರಶ್ನೆಯೂ

ಮೂವತ್ತನಾಲ್ಕು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿದ್ದೆ. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಚೆನ್ನೈಯ ಒಂದು ಖಾಸಗಿ ಆಸ್ಪತ್ರೆಯ ಯುರಾಲಜಿ ವಿಭಾಗದಲ್ಲಿ. ಗಂಡು ನರ್ಸನ್ನು ಇಲ್ಲಿ ಎಲ್ಲರೂ ಬ್ರದರ್ ಅನ್ನುತ್ತಾರೆ. ನಾನು ರಾವ್ ಬ್ರದರ್. ನಮ್ಮದು ಮೂರು ತಲೆಮಾರಿನಿಂದ ತಿರುವಲ್ಲಿಕೇಣಿಯಲ್ಲಿ ನೆಲೆನಿಂತ ಕನ್ನಡ ಮಾಧ್ವರ ಮನೆ. ನಾನು ಕೆಲಸಕ್ಕೆ ಸೇರಿದಾಗ ಅಮ್ಮ ನೆಂಟರಿಗೆಲ್ಲ ‘ಆಸ್ಪತ್ರೆಯಲ್ಲಿ ಆಫೀಸರ್’ ಎಂದು ಹೇಳಿಕೊಂಡು ಬಂದಳು. ದಿನವಿಡೀ ಯಾವ ಆಪರೇಷನ್ನಿಗೆ ಕೈಜೋಡಿಸುತ್ತೇನೆ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈಗ ನರ್ಸಿಂಗ್ ಮುಗಿಸಿ ಥಿಯೇಟರಿಗೆ ಕಾಲಿಡುವ ಹುಡುಗ ಹುಡುಗಿಯರಿಗೆ ಹೇಳುವುದು ಇಷ್ಟೆ. ಸುನ್ನತಿ ಎಂಬ ಈ ಆಪರೇಷನ್ನನ್ನು ನಿಮ್ಮ ಮೇಲಿನವರು ಚಿಕ್ಕದು ಎನ್ನುತ್ತಾರೆ. ಪಟ್ಟಿಯಲ್ಲಿ ಅದು ಯಾವಾಗಲೂ ಕೊನೆಗೆ ಬರುತ್ತದೆ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ರೋಗಿ ಅದೇ ದಿನ ಮನೆಗೆ ಹೋಗುತ್ತಾನೆ. ನಾನೂ ಚಿಕ್ಕದು ಎಂದುಕೊಂಡೇ ಸಾವಿರಾರು ನೋಡಿದೆ. ಚಿಕ್ಕದು ಎಂಬ ಮಾತನ್ನು ಈಗ ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ರೋಗಿಗಳು ಮೊದಲು ಕೇಳುವುದು ನೋವಿನ ಮಾತು. ಸುಳ್ಳು ಹೇಳಬೇಡಿ. ಬುಡದಲ್ಲಿ ಎರಡೂ ಪಕ್ಕಕ್ಕೆ ಕೊಡುವ ಸೂಜಿ ಉರಿಯುತ್ತದೆ. ಅದಾದ ಮೇಲೆ ಕತ್ತರಿಸುವಾಗ ಎಳೆದ ಹಾಗೆ ಅನ್ನಿಸುವುದು ಬಿಟ್ಟರೆ ನೋವು ಗೊತ್ತಾಗುವುದಿಲ್ಲ. ಮನೆಗೆ ಹೋಗಿ ಸೂಜಿಯ ಗುಣ ಇಳಿದ ಮೇಲೆ ಎರಡು ಮೂರು ದಿನ ನೋವಿರುತ್ತದೆ, ಅದು ಸಾಮಾನ್ಯ ಮಾತ್ರೆಗೆ ಬಗ್ಗುತ್ತದೆ. ಬೆಳಗಿನ ಜಾವ ತಾನಾಗಿ ನಿಗುರಿದಾಗ ಹೊಲಿಗೆ ಎಳೆಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ದೊಡ್ಡ ದೊಡ್ಡ ಗಂಡಸರು ಹೊಲಿಗೆ ಬಿಚ್ಚಿತು ಎಂದು ಹೆದರಿ ಫೋನ್ ಮಾಡುತ್ತಾರೆ. ಮುಚ್ಚಿಕೊಂಡಿದ್ದ ತುದಿ ಒಮ್ಮೆಲೇ ಬಯಲಾದ್ದರಿಂದ ಬಟ್ಟೆ ತಗುಲಿದರೂ ಕೆಲವು ದಿನ ಜುಮ್ಮೆನ್ನುತ್ತದೆ. ಹೊಲಿಗೆಯ ದಾರ ಎರಡು ಮೂರು ವಾರದಲ್ಲಿ ತಾನೇ ಕರಗಿ ಉದುರುತ್ತದೆ. ಹೆಂಡತಿಯ ಹತ್ತಿರ ಹೋಗುವುದು ಒಂದರಿಂದ ಒಂದೂವರೆ ತಿಂಗಳು ಬೇಡ. ಗಾಯದ ಮೇಲೆ ಹಳದಿ ಪೊರೆ ಕಟ್ಟಿದರೆ ಅದು ಕೀವಲ್ಲ, ಉಜ್ಜಿ ತೆಗೆಯಬಾರದು. ಇಷ್ಟನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ಕೆಲಸ ಕಲಿತಂತೆ. ಉಳಿದರ್ಧದ ಬಗ್ಗೆ ಬರೆಯಲೆಂದೇ ಕೂತಿದ್ದೇನೆ.

ನನ್ನ ಮೊದಲ ಎಡವಟ್ಟು ಕೆಲಸಕ್ಕೆ ಸೇರಿದ ಎರಡನೆಯ ತಿಂಗಳಿನದು. ಮರಗಟ್ಟಿಸುವ ಮದ್ದಿನಲ್ಲಿ ಎರಡು ಬಗೆಯ ಬಾಟಲಿ ಇರುತ್ತದೆ, ಒಂದು ಬರಿಯದು, ಇನ್ನೊಂದರಲ್ಲಿ ರಕ್ತನಾಳ ಬಿಗಿಯುವ ಔಷಧಿ ಸೇರಿರುತ್ತದೆ. ಬೆರಳಿನ ತುದಿಗೆ, ಈ ಅಂಗಕ್ಕೆ ಎರಡನೆಯದನ್ನು ಮುಟ್ಟಿಸಬಾರದು, ರಕ್ತ ಓಡಾಟ ನಿಂತುಹೋದೀತು ಎಂದು ನಮಗೆ ಕಲಿಸಿದ್ದರು. ಬಾಟಲಿಗಳು ಅಕ್ಕಪಕ್ಕ ಇದ್ದವು. ನಾನು ಸಿರಿಂಜಿಗೆ ಎಳೆದದ್ದು ಆ ಎರಡನೆಯದನ್ನು. ನಮ್ಮ ಚೀಫ್, ಅಂದರೆ ಆಗಿನ್ನೂ ಹೊಸಬರಾಗಿದ್ದು ಮುಂದೆ ವಿಭಾಗದ ಹಿರಿಯ ಸರ್ಜನ್ ಆದವರು, ಸಿರಿಂಜ್ ತೆಗೆದುಕೊಳ್ಳುವ ಮೊದಲು ಯಾವಾಗಲೂ ಬಾಟಲಿ ತೋರಿಸು ಎನ್ನುತ್ತಿದ್ದರು. ಅವತ್ತೂ ಅಂದರು. ನೋಡಿದವರೇ ಇಡೀ ಟ್ರೇಯನ್ನು ನೆಲಕ್ಕೆ ತಳ್ಳಿದರು. ಬೈಯಲಿಲ್ಲ. ಟ್ರೇ ಮತ್ತೆ ಜೋಡಿಸು ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿ ಕೈ ತೊಳೆಯಲು ಹೋದರು. ಮೇಜಿನ ಮೇಲಿದ್ದ ರೋಗಿ ಏನು ಬಿತ್ತು ಎಂದು ಕೇಳಿದ. ಏನಿಲ್ಲ ಎಂದೆ.

ಆ ಚೀಫ್ ಬಗ್ಗೆ ನಾಲ್ಕು ಮಾತು ಹೇಳಬೇಕು. ಕೈ ಚುರುಕು, ನಾಲಿಗೆ ಮಿತ. ಬೇಡದ ಕಡೆ ಕತ್ತರಿ ಹಾಕಿದವರಲ್ಲ. ಮೂರು ವರ್ಷದ ಕೂಸನ್ನು ಎತ್ತಿಕೊಂಡು ಬಂದು ಚರ್ಮ ಹಿಂದೆ ಸರಿಯುವುದಿಲ್ಲ ಎಂದು ಅಳುವ ತಾಯಂದಿರಿಗೆ, ಆ ವಯಸ್ಸಿಗೆ ಅದು ರೋಗವೇ ಅಲ್ಲ, ಬೆಳೆಯುತ್ತ ತಾನೇ ಸಡಿಲವಾಗುತ್ತದೆ, ಎಳೆಯಲು ಹೋಗಬೇಡಿ ಎಂದು ಹೇಳಿ ಕಳಿಸುತ್ತಿದ್ದರು. ಮತಾಚಾರಕ್ಕಾಗಿ ಬರುವ ಮುಸ್ಲಿಂ ಮನೆಯವರಿಗೆ ಅವರಲ್ಲಿ ಗೌರವ. ಆ ಮನೆಗಳಲ್ಲಿ ಅಪ್ಪ, ಅಜ್ಜ, ಮಾವ ಎಲ್ಲರಿಗೂ ಆರೈಕೆ ಗೊತ್ತಿರುತ್ತದೆ, ಸಡಿಲ ಲುಂಗಿಯಿಂದ ಹಿಡಿದು ತೊಳೆಯುವ ಬಗೆಯವರೆಗೆ. ಸಂದೇಹ ಬಂದರೆ ನಾಚಿಕೆಯಿಲ್ಲದೆ ಕೇಳುತ್ತಾರೆ.

ನಾಚಿಕೆ ಇದ್ದದ್ದು ನಮ್ಮವರಿಗೆ. ಚರ್ಮ ಬಿಗಿದು ಬಿರುಕುಬಿಟ್ಟು, ಮೂತ್ರ ಮಾಡುವಾಗ ಬಲೂನಿನಂತೆ ಉಬ್ಬಿ, ಮತ್ತೆ ಮತ್ತೆ ಸೋಂಕು ತಗುಲಿ ಸೋತ ಮೇಲೆ ಬರುತ್ತಿದ್ದರು. ಅಂಥವರಿಗೆ ಈ ಆಪರೇಷನ್ನಿನಿಂದ ಸುಖವಿದೆ, ಅದನ್ನು ಕಣ್ಣಾರೆ ಕಂಡಿದ್ದೇನೆ. ಸೋಂಕು ನಿಲ್ಲುತ್ತದೆ, ಶುಚಿ ಸುಲಭ, ಕೆಲವು ಲೈಂಗಿಕ ರೋಗಗಳ ಅಪಾಯವೂ ಸ್ವಲ್ಪ ತಗ್ಗುತ್ತದೆ. ಹಾಗಂತ ಕಾಂಡೋಮ್ ಬೇಡವೆಂದಲ್ಲ. ಆದರೆ ಇವರು ಆಫೀಸಿನಲ್ಲಿ ಹರ್ನಿಯಾ ಎಂದು ಹೇಳಿ ರಜೆ ಹಾಕುತ್ತಿದ್ದರು. ಮಣಲಿಯ ಪೆಟ್ರೋಲಿಯಂ ಕಾರ್ಖಾನೆಯ ಒಬ್ಬ ಫಿಟ್ಟರ್ ರಜೆ ಕೇಳಲಿಕ್ಕೂ ನಾಚಿ ಮೂರನೆಯ ದಿನ ಬೈಕ್ ಹತ್ತಿ ಕೆಲಸಕ್ಕೆ ಹೋದ. ಹೊಲಿಗೆ ಬಿಚ್ಚಿ ಪ್ಯಾಂಟ್ ನೆನೆದು ಮಧ್ಯಾಹ್ನ ನಮ್ಮಲ್ಲಿಗೆ ಬಂದ. ಮತ್ತೆ ಹೊಲಿಯುವಾಗ ಅವನು ನನ್ನ ಕೈ ಹಿಡಿದುಕೊಂಡು, ಕಾರ್ಖಾನೆಯವರು ಫೋನ್ ಮಾಡಿದರೆ ಹರ್ನಿಯಾ ಎನ್ನು ಎಂದು ಗೋಗರೆದ.

ವಿಧಾನಗಳು ಬದಲಾದವು. ಮೊದಲು ಕತ್ತರಿ, ಗಂಟು ಹಾಕುವ ದಾರ. ಆಮೇಲೆ ರಕ್ತ ನಿಲ್ಲಿಸಲು ವಿದ್ಯುತ್ ಚಿಮಟ. ಈಗ ಒಂದೇ ಸಲಕ್ಕೆ ಕತ್ತರಿಸಿ ಸುತ್ತಲೂ ಪಿನ್ ಹೊಡೆಯುವ ಸ್ಟೇಪ್ಲರ್. ಬದಲಾಗದೆ ಉಳಿದದ್ದು ಒಂದೇ. ರೋಗಿ ಮನೆಗೆ ಹೋದ ಮೇಲೆ ಅವನ ಗಾಯ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅವನ ಬಾಯಿಂದ ಬರುವ ಮಾತಷ್ಟೇ ನಮಗೆ ಗತಿ. ಅದಕ್ಕೆಂದೇ ಎರಡನೆಯ ದಿನ ಫೋನ್ ಮಾಡಿ ವಿಚಾರಿಸುವ ಪದ್ಧತಿಯನ್ನು ನಾನೇ ಶುರುಮಾಡಿದೆ. ಒಂದು ಉದ್ದನೆಯ ಪುಸ್ತಕವಿತ್ತು. ಹೆಸರು, ನೋವು, ಜ್ವರ, ರಕ್ತ, ಮೂತ್ರ, ಊತ, ಇಷ್ಟನ್ನು ಕೇಳಿ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕುತ್ತಿದ್ದೆ. ಆ ಪುಸ್ತಕದ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ನಿವೃತ್ತಿಗೆ ಏಳು ತಿಂಗಳಿರುವಾಗ ಪುಟ್ಟಸ್ವಾಮಿ ಬಂದರು. ಮಳವಳ್ಳಿ ಕಡೆಯವರು, ವಯಸ್ಸು ನಲವತ್ತೆರಡು. ಪೆರುಂಗುಡಿಯ ದೊಡ್ಡ ಕಟ್ಟಡಗಳ ಏಸಿ ನೋಡಿಕೊಳ್ಳುವ ಎಂಜಿನಿಯರ್. ಚೆನ್ನೈಗೆ ಬಂದು ವರ್ಷವಾಗಿತ್ತಷ್ಟೆ. ವೇಲಚೇರಿಯ ಬಾಡಿಗೆ ಫ್ಲಾಟಿನಲ್ಲಿ ಹೆಂಡತಿ ಸವಿತಾ, ಮಗಳೊಂದಿಗೆ ವಾಸ. ಸಕ್ಕರೆ ಕಾಯಿಲೆ ಇತ್ತು, ಅದರಿಂದಲೇ ಸೋಂಕು ಮರುಕಳಿಸಿ ಚರ್ಮ ಬಿಗಿದಿತ್ತು. ಸಕ್ಕರೆ ಇಳಿಯುವವರೆಗೆ ಚೀಫ್ ಎರಡು ಸಲ ಮುಂದೂಡಿ, ಮೂರನೆಯ ಸಲ ಆಗಲಿ ಎಂದರು. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ಆ ಮನುಷ್ಯನ ಮುಖ ಅರಳಿತು.

“ಅಯ್ಯೋ, ಕನ್ನಡದವ್ರು ಸಿಕ್ಬುಟ್ರಲ್ಲ. ಈ ವಯಸ್ಸಲ್ಲಿ ಮುಂಜಿ ಮಾಡಿಸ್ಕಳಕ್ಕೆ ಬಂದಿವ್ನಿ ಸಾರ್, ಯಾರ್ಗೂ ಹೇಳ್ಬೇಡಿ” ಎಂದರು.

ನಮ್ಮ ಮನೆಯಲ್ಲಿ ಮುಂಜಿ ಎಂದರೆ ಜನಿವಾರ ಹಾಕುವುದು. ಅವರ ಕಡೆ ಇದಕ್ಕೂ ಅದೇ ಮಾತು ಎಂದು ನನಗೆ ಅವತ್ತೇ ಗೊತ್ತಾದದ್ದು. ಇಬ್ಬರೂ ನಕ್ಕೆವು. ಒಂದೇ ಭಾಷೆಯ ಒಂದೇ ಮಾತು ಎರಡು ಮನೆಯಲ್ಲಿ ಎರಡಾಗುತ್ತದೆ ಎಂದು ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಆಪರೇಷನ್ ಸಲೀಸಾಗಿ ಆಯಿತು. ಮನೆಗೆ ಕಳಿಸುವಾಗ ಕೊಡುವ ಸೂಚನೆಯ ಹಾಳೆ ಒಂದು ಮಗ್ಗುಲಲ್ಲಿ ತಮಿಳು, ಇನ್ನೊಂದು ಮಗ್ಗುಲಲ್ಲಿ ಇಂಗ್ಲಿಷ್. ಸವಿತಾ ಕೈ ಚಾಚಿದಳು. ನಾನು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡೆ. ಇದೆಲ್ಲ ಏಕೆ, ನಾನೇ ನಮ್ಮ ಭಾಷೆಯಲ್ಲಿ ಹೇಳುತ್ತೇನೆ ಎಂದೆ. ಕನ್ನಡ ಮಾತಾಡಲು ಸಿಕ್ಕಿದ ಸಂತೋಷ ಎನ್ನಿ, ಒಣ ಪ್ರತಿಷ್ಠೆ ಎನ್ನಿ. ಔಷಧಿ, ಸ್ನಾನ, ಬಟ್ಟೆ ಎಲ್ಲ ಹೇಳಿ ಕೊನೆಗೆ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

“ವೀಕ್ಕ ಇರತ್ತೆ. ಅದು ಎಲ್ಲಾರ್ಗೂ ಇರೋದೇ, ಭಯಪಡ್ಬೇಡಿ. ಆದ್ರೆ ವೀಕ್ಕ ಜಾಸ್ತಿ ಆಯ್ತು ಅಂದ್ರೆ ಉಡನೆ ನಂಗೆ ಫೋನ್ ಮಾಡ್ಬೇಕು.”

ವೀಕ್ಕ ಎಂದರೆ ನಮ್ಮ ಮನೆಯಲ್ಲಿ ಊತ, ಬಾವು. ಕಾಲು ಉಳುಕಿದರೆ ಅಮ್ಮ ‘ವೀಕ್ಕ ಬಂದಿದೆ, ಅರಿಶಿನ ಹಚ್ಚು’ ಎನ್ನುತ್ತಿದ್ದಳು. ಅಜ್ಜಿಯೂ ಅದನ್ನೇ ಅನ್ನುತ್ತಿದ್ದಳು. ಅದು ತಮಿಳಿನ ಮಾತು ಎಂದು ಐವತ್ತೇಳು ವರ್ಷ ನನಗೆ ಅನುಮಾನವೇ ಬಂದಿರಲಿಲ್ಲ. ಆ ಗಂಡಹೆಂಡತಿಯ ಕಿವಿಗೆ ಅದು ಇಂಗ್ಲಿಷಿನ ವೀಕ್ ಆಗಿ ಬಿತ್ತು. ನಿಶ್ಶಕ್ತಿ ಇರುತ್ತದೆ, ಹೆಚ್ಚಾದರೆ ಫೋನ್ ಮಾಡಿ ಎಂದು ಬ್ರದರ್ ಹೇಳಿದ್ದಾರೆ. ಹಾಗೆ ತಿಳಿದುಕೊಂಡು ಅವರು ಮನೆಗೆ ಹೋದರು.

ಎರಡನೆಯ ದಿನ, ಗುರುವಾರ ಬೆಳಿಗ್ಗೆ ಫೋನ್ ಮಾಡಿದೆ. ಸವಿತಾ ಎತ್ತಿದಳು. ನೋವು ಕಡಿಮೆ ಎಂದಳು. ಸಕ್ಕರೆ ಹಳೆಯದಾದರೆ ನರಗಳು ಮಂದವಾಗಿ ನೋವು ಕಡಿಮೆ ಗೊತ್ತಾಗುತ್ತದೆ, ಇದು ನನಗೆ ಗೊತ್ತಿದ್ದ ವಿಷಯವೇ. ಜ್ವರವಿಲ್ಲ, ಮೂತ್ರ ಸರಿಯಾಗಿ ಹೋಗುತ್ತಿದೆ ಎಂದಳು.

“ವೀಕ್ಕ ಏನಾದ್ರೂ ಇದ್ಯಾಮ್ಮಾ?” ಎಂದೆ.

“ಇಲ್ಲ ಸಾರ್, ಏನೂ ಇಲ್ಲ. ಚೆನ್ನಾಗಿ ಓಡಾಡ್ಕಂಡವ್ರೆ. ಆದ್ರೆ...”

ಒಳಗೆ ಮುಂದಿನ ಆಪರೇಷನ್ನಿಗೆ ನನ್ನನ್ನು ಕರೆಯುತ್ತಿದ್ದರು. ‘ಒಳ್ಳೇದಮ್ಮಾ, ರೆಸ್ಟ್ ತಗೊಳಿ’ ಎಂದು ಫೋನ್ ಇಟ್ಟೆ. ಪುಸ್ತಕದಲ್ಲಿ ಊತವಿಲ್ಲ ಎಂದು ಬರೆದು ಸಹಿ ಹಾಕಿದೆ. ಆ ‘ಆದ್ರೆ’ ಆದ ಮೇಲೆ ಏನಿತ್ತು ಎಂದು ನಾನು ಕೇಳಲಿಲ್ಲ.

ಶನಿವಾರ ಬೆಳಿಗ್ಗೆ ಆಟೋದಲ್ಲಿ ಕರೆತಂದರು. ಬಟ್ಟೆ ಸರಿಸುವ ಮೊದಲೇ ವಾಸನೆ ಬಂತು. ಆ ವಾಸನೆ ಒಮ್ಮೆ ಕಂಡವರಿಗೆ ಬೇರೆ ಪರೀಕ್ಷೆ ಬೇಕಾಗುವುದಿಲ್ಲ. ಬಾವು ಬೀಜದ ಚೀಲ ದಾಟಿ ಕಿಬ್ಬೊಟ್ಟೆಗೆ ಏರಿತ್ತು, ಚರ್ಮ ಅಲ್ಲಲ್ಲಿ ಕಪ್ಪಾಗಿತ್ತು. ಒಳಗಿನ ಮಾಂಸ ಕೊಳೆಯುತ್ತ ಗಂಟೆಗಂಟೆಗೆ ಹರಡುವ ಸೋಂಕು ಅದು. ಅಪರೂಪ, ಆದರೆ ಸಕ್ಕರೆ ಇರುವವರನ್ನು ಹುಡುಕಿಕೊಂಡು ಬರುತ್ತದೆ. ಚೀಫ್ ಹತ್ತು ನಿಮಿಷದಲ್ಲಿ ಥಿಯೇಟರಿಗೆ ತೆಗೆದುಕೊಂಡರು. ಸತ್ತ ಮಾಂಸವನ್ನೆಲ್ಲ ಕೊಯ್ದು ತೆಗೆಯುವಾಗ ನಾನೇ ಪಕ್ಕದಲ್ಲಿ ನಿಂತಿದ್ದೆ. ಭಾನುವಾರ ಮತ್ತೆ ಕೊಯ್ದರು, ಮಂಗಳವಾರ ಮತ್ತೆ. ಮೊದಲ ದಿನ ಪುಟ್ಟಸ್ವಾಮಿಗೆ ಪ್ರಜ್ಞೆಯಿತ್ತು. ‘ಸಾರ್, ವೀಕ್ ಆಗಿದ್ದಕ್ಕೆ ಹಿಂಗಾಯ್ತಾ’ ಎಂದು ನನ್ನನ್ನು ಕೇಳಿದರು. ಜ್ವರದ ಬಡಬಡಿಕೆ ಎಂದುಕೊಂಡೆ. ಗುರುವಾರ ಮಧ್ಯಾಹ್ನ ತೀರಿಕೊಂಡರು.

ಊರಿಂದ ಅವರ ತಾಯಿ ಬಂದಿದ್ದರು. ಐಸಿಯು ಹೊರಗಿನ ಕುರ್ಚಿಯಲ್ಲಿ ಕೂತು ಸೊಸೆಯನ್ನು ಒಂದೇ ಮಾತು ಕೇಳುತ್ತಿದ್ದರು, ಆಸ್ಪತ್ರೆಯವರು ಫೋನ್ ಮಾಡಿ ವಿಚಾರಿಸಿದಾಗ ನೀನು ಏನೂ ಇಲ್ಲ ಅಂದೆಯಂತೆ, ಯಾಕೆ ಅಂದೆ ಎಂದು. ಆ ಸುದ್ದಿ ಅವರಿಗೆ ಹೇಳಿದ್ದು ನಮ್ಮ ಆಸ್ಪತ್ರೆಯೇ. ಏನು ತಪ್ಪಾಯಿತೆಂದು ಮನೆಯವರು ಕೇಳಿದಾಗ ಆಡಳಿತದವರು ನನ್ನ ಪುಸ್ತಕ ತೆರೆದು ತೋರಿಸಿದ್ದರು. ಸವಿತಾ ಎದ್ದು ನನ್ನ ಹತ್ತಿರ ಬಂದಳು.

“ನೀವು ವೀಕ್ ಆಗವ್ರಾ ಅಂತ ತಾನೇ ಕೇಳಿದ್ದು ಸಾರ್? ಬಾವು ಬಂದದಾ ಅಂತ ಕೇಳಿದ್ರೆ ನಾನು ಹೇಳ್ತಿರ್ಲಿಲ್ವಾ? ಕುಯ್ದ ಮೇಲೆ ಬಾವು ಇದ್ದೇ ಇರ್ತದೆ, ಅವ್ರು ಕೇಳ್ನಿಲ್ಲ ಅಂದ್ರೆ ಅದು ದೊಡ್ಡದಲ್ಲ ಅಂದ್ಕಂಡೆ.”

ನನಗೆ ಆಗ ತಿಳಿಯಿತು. ಅವಳ ಅತ್ತೆ ನಾಲ್ಕು ಮಾರು ದೂರದಲ್ಲಿದ್ದರು. ಅಲ್ಲೇ, ಆಗಲೇ ಹೇಳಿಬಿಡಬಹುದಿತ್ತು. ‘ಸಮಾಧಾನ ಮಾಡ್ಕೊಳಮ್ಮಾ’ ಎಂದು ಹೇಳಿ ಒಳಗೆ ಹೋದೆ.

ಚೀಫ್‌ಗೆ ಮಾತ್ರ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ‘ನೀ ಕೇಟ್ಟೆ, ಅವಂಗ ಇಲ್ಲೇನ್ನು ಸೊನ್ನಾಂಗ. ಅವ್ವಳವುದಾನ್ ರಾವ್’ ಎಂದರು. ನೀನು ಕೇಳಿದೆ, ಅವರು ಇಲ್ಲ ಅಂದರು, ಅಷ್ಟೇ. ಬಾಟಲಿ ನೋಡದೆ ಸಿರಿಂಜ್ ಮುಟ್ಟದಿದ್ದ ಮನುಷ್ಯ ಅವರು. ಅವರ ಮೇಲೆ ನನಗೆ ಅವತ್ತು ಅಸಹ್ಯ ಹುಟ್ಟಿತು, ಅದಕ್ಕಿಂತ ಹೆಚ್ಚಾಗಿ ನಿರಾಳವೂ ಆಯಿತು. ಆ ನಿರಾಳ ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಪುಸ್ತಕದ ಸಾಲನ್ನು ತಿದ್ದಲಿಲ್ಲ. ನಿವೃತ್ತಿ ಹತ್ತಿರವಿತ್ತು, ಹೆಸರು ಕೆಡಬಾರದು ಎಂದು ಲೆಕ್ಕ ಹಾಕಿದೆ.

ಬೀಳ್ಕೊಡುಗೆಯ ದಿನ ಚೀಫ್ ನನ್ನನ್ನು ಹೊಗಳಿದರು. ರಾವ್ ಬರೆದಿಟ್ಟ ಒಂದು ಸಾಲು ಒಮ್ಮೆ ಇಡೀ ವಿಭಾಗವನ್ನು ಕಾಪಾಡಿತು, ಹೊಸಬರು ಇವರಿಂದ ಕಲಿಯಬೇಕು ಎಂದರು. ಚಪ್ಪಾಳೆ ಬಿತ್ತು. ಹೊಸ ನರ್ಸುಗಳು ಯಾವ ಸಾಲು ಎಂದು ಕೇಳಿದರು. ಎಂಥದೋ ಒಂದು ಎಂದು ನುಣುಚಿಕೊಂಡೆ. ಆಮೇಲೆ ಮನೆಯಲ್ಲಿ ಕೂತ ಹತ್ತು ಹನ್ನೊಂದು ತಿಂಗಳು ಆ ಚಪ್ಪಾಳೆ ನನ್ನನ್ನು ಬಿಡಲಿಲ್ಲ. ಕೊನೆಗೊಂದು ಬೆಳಿಗ್ಗೆ ಎಂಆರ್‌ಟಿಎಸ್ ರೈಲು ಹತ್ತಿ ವೇಲಚೇರಿಯಲ್ಲಿ ಇಳಿದೆ.

ಬಾಗಿಲು ತೆರೆದದ್ದು ಮಗಳು, ಹನ್ನೆರಡು ವರ್ಷ ಇರಬಹುದು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಒಳಗೆ ತಿರುಗಿ ‘ಅಮ್ಮಾ, ಯಾರೋ ವಂದಿರುಕ್ಕಾಂಗ’, ಯಾರೋ ಬಂದಿದ್ದಾರೆ, ಎಂದು ತಮಿಳಿನಲ್ಲಿ ಕೂಗಿದಳು. ಸವಿತಾ ಹತ್ತಿರದ ಒಂದು ಮಕ್ಕಳ ಪಾಲನೆಯ ಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಊರಿಗೆ ಹೋಗಿಲ್ಲ ಎಂದಳು. ಗಂಡನ ವರ್ಷಾಬ್ದಿಕಕ್ಕೂ ಅತ್ತೆ ಇವಳನ್ನು ಕರೆದಿರಲಿಲ್ಲ, ಮೊಮ್ಮಗಳನ್ನು ಮಾತ್ರ ಕರೆಸಿಕೊಂಡಿದ್ದರು. ಇವಳ ನಂಬರಿನಿಂದ ಫೋನ್ ಹೋದರೆ ಎತ್ತುವುದಿಲ್ಲವಂತೆ.

ನಾನು ಹೇಳಿದೆ. ಆ ಮಾತು ಕನ್ನಡದ್ದಲ್ಲ ಎಂದೆ. ಊತ ಇದೆಯೇ ಎಂದು ಕೇಳಿದೆನೆಂದು ನಾನು ತಿಳಿದದ್ದು, ಅವಳು ಬೇರೆಯೇ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟದ್ದು, ಅವಳ ಮಾತು ಮುಗಿಯುವ ಮುಂಚೆ ನಾನು ಫೋನ್ ಇಟ್ಟದ್ದು, ಹಾಳೆಯನ್ನು ಜೇಬಿಗಿಟ್ಟುಕೊಂಡದ್ದು, ಎಲ್ಲ ಹೇಳಿದೆ. ಅವಳು ಅಳಲಿಲ್ಲ.

“ನಿಮ್ಗೆ ಇದು ಯಾವಾಗ ಗೊತ್ತಾಯ್ತು?” ಎಂದಳು.

“ಅವತ್ತೇ. ನೀವು ಐಸಿಯು ಹೊರಗೆ ಹೇಳಿದಾಗಲೇ” ಎಂದೆ.

ಅವಳು ಮಗಳನ್ನು ಕರೆದು, ನಿನ್ನ ಫೋನಿಂದ ಅಜ್ಜಿಗೆ ಮಾಡು, ಎಲ್ಲರಿಗೂ ಕೇಳಿಸುವ ಹಾಗೆ ಇಡು ಎಂದಳು. ಅತ್ತ ಕಡೆಯಿಂದ ‘ಏನ್ ಮಗಾ’ ಎಂಬ ದನಿ ಬಂತು. ಸವಿತಾ ಫೋನನ್ನು ಟೀಪಾಯಿಯ ಮೇಲೆ ನನ್ನ ಮುಂದಕ್ಕೆ ಸರಿಸಿದಳು.

“ಈಗ ಹೇಳಿದ್ನ ಇನ್ನೊಂದ್ಸಲ ಹೇಳಿ” ಎಂದಳು.

ನಾನು ಯಾರು ಎಂದು ಮೊದಲು ಹೇಳಿದೆ. ಆಮೇಲೆ ನಡೆದದ್ದನ್ನು ಹೇಳಿದೆ. ಪ್ರತಿ ಮಾತನ್ನೂ ನಾಲಿಗೆಗೆ ತರುವ ಮೊದಲು, ಇದು ಆ ಹೆಂಗಸಿಗೆ ಅರ್ಥವಾಗುವ ಮಾತೇ ಎಂದು ತಡೆದು ತಡೆದು ಆಡಿದೆ.

“ಬಾವು ಬಂದದೆ ಅಂತ ನನ್ ಸೊಸೆ ನಿಮ್ಗೆ ಹೇಳ್ನಿಲ್ವಾ?” ಎಂದರು ಆ ತಾಯಿ.

“ಇಲ್ಲಮ್ಮ. ನಾನು ಕೇಳಲೇ ಇಲ್ಲ.”

ಸವಿತನ ಕೈಗೆ ಫೋನ್ ಕೊಡಿ ಎಂದರು ಆ ತಾಯಿ. ಸವಿತಾ ಫೋನ್ ತೆಗೆದುಕೊಂಡಳು. ಕಿವಿಗೆ ಇಡುವ ಮೊದಲು ನನ್ನ ಕಡೆ ತಿರುಗಿ “ನೀವಿನ್ನು ಹೊರಡಿ ಸಾರ್” ಎಂದಳು.